ರೈಟರ್ ಕುರ್ಚಿಯಲ್ಲಿ ಯಂತ್ರ ಕೂತರೆ

ಯಾವ ಪೊಲೀಸ್ ಠಾಣೆಗೆ ಹೋದರೂ ಅಲ್ಲೊಬ್ಬರು ರೈಟರ್ ಇರುತ್ತಾರೆ. ಹುದ್ದೆಯಲ್ಲಿ ಹೆಡ್ ಕಾನ್‌ಸ್ಟೆಬಲ್ಲೋ ಪಿಸಿಯೋ ಇರಬಹುದು. ಫಿರ್ಯಾದು, ಮಹಜರು, ಸಾಕ್ಷಿ ಹೇಳಿಕೆ, ಕೇಸ್ ಡೈರಿ, ಕೋರ್ಟಿಗೆ ಹೋಗುವ ಕಾಗದ ಎಲ್ಲವೂ ಅವರ ಕೈ ದಾಟಿಯೇ ಹೊರಬೀಳಬೇಕು. ಒಳ್ಳೆಯ ರೈಟರನ್ನು ಬೇರೆ ಠಾಣೆಗೆ ಬಿಟ್ಟುಕೊಡಲು ಯಾವ ಪಿಎಸ್‌ಐಗೂ ಮನಸ್ಸು ಬರುವುದಿಲ್ಲ. ಪೊಲೀಸರ ಎದೆಯ ಮೇಲಿನ ಕ್ಯಾಮೆರಾ ಹಿಡಿದದ್ದನ್ನು ತೆಗೆದುಕೊಂಡು ವರದಿಯ ಕರಡನ್ನು ತಾನೇ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ತಂತ್ರಾಂಶ ಈಗ ಕಣ್ಣಿಟ್ಟಿರುವುದು ಈ ಕುರ್ಚಿಯ ಮೇಲೆ.

ಅಮೆರಿಕದಲ್ಲಿ ಇದು ಆಗಲೇ ಬಳಕೆಯಲ್ಲಿದೆ. ಟೇಸರ್ ಎಂಬ ವಿದ್ಯುತ್ ಆಘಾತದ ಆಯುಧ ಮತ್ತು ಬಾಡಿ ಕ್ಯಾಮೆರಾ ತಯಾರಿಸುವ ಆಕ್ಸಾನ್ ಕಂಪನಿ 2024ರ ಏಪ್ರಿಲ್‌ನಲ್ಲಿ ‘ಡ್ರಾಫ್ಟ್ ಒನ್’ ಎಂಬ ತಂತ್ರಾಂಶ ತಂದಿತು. ಅದರ ಹಿಂದೆ ಕೆಲಸ ಮಾಡುವುದು ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯ ಭಾಷಾ ಮಾದರಿ, ಅಂದರೆ ಓದಿ ಬರೆಯುವ ತಂತ್ರಾಂಶ. ನಮ್ಮಲ್ಲಿ ಬೆಂಗಳೂರಿನ ಟ್ರಾಫಿಕ್ ಪೊಲೀಸರ ಮೈಮೇಲೆ ಕ್ಯಾಮೆರಾ ಬಂದು ವರ್ಷಗಳೇ ಆದವು. 2024ರ ಜುಲೈ 1ರಿಂದ ಜಾರಿಯಾದ ತನಿಖೆ-ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧ ಮತ್ತು ಜಪ್ತಿಯ ಧ್ವನಿ-ದೃಶ್ಯ ಚಿತ್ರೀಕರಣ ಕಡ್ಡಾಯ. ಅದಕ್ಕೆಂದೇ ಇ-ಸಾಕ್ಷ್ಯ ಆ್ಯಪ್ ಬಂದಿದೆ. ಅಂದರೆ ಆಗುಂಬೆಯಿಂದ ಶಿಕಾರಿಪುರದವರೆಗೆ ಪ್ರತಿ ಠಾಣೆಯಲ್ಲೂ ವಿಡಿಯೊ ಗುಡ್ಡೆ ಬೀಳುತ್ತಿದೆ, ಕೂತು ನೋಡುವವರಿಲ್ಲ. ‘ಇಷ್ಟೆಲ್ಲ ರೆಕಾರ್ಡ್ ಇದೆಯಲ್ಲ, ಬರೆಯುವ ಕೆಲಸ ಕಂಪ್ಯೂಟರಿಗೇ ಕೊಡಬಾರದೇಕೆ?’ ಎಂದು ಯಾರಾದರೂ ಕೇಳುವುದು ಸಹಜ. ಆದ್ದರಿಂದ ಇದು ಒಳಗೆ ಹೇಗೆ ನಡೆಯುತ್ತದೆ, ಮಲೆನಾಡಿನ ಠಾಣೆಯಲ್ಲಿ ಎಲ್ಲೆಲ್ಲಿ ಕೈಕೊಡುತ್ತದೆ ಎಂಬುದನ್ನು ಈಗಲೇ ಬಿಡಿಸಿ ನೋಡುವುದು ಒಳ್ಳೆಯದು.

ಮೊದಲು ತಿಳಿಯಬೇಕಾದ ವಿಷಯ, ಡ್ರಾಫ್ಟ್ ಒನ್ ವಿಡಿಯೊ ನೋಡುವುದಿಲ್ಲ. ಅದು ಕೆಲಸ ಮಾಡುವುದು ಧ್ವನಿಯ ಮೇಲೆ ಮಾತ್ರ. ರೆಕಾರ್ಡಿಂಗ್‌ನಿಂದ ಆಡಿಯೊ ಬೇರೆಯಾಗುತ್ತದೆ, ಅದರಲ್ಲಿ ಮಾತು ಎಲ್ಲಿ, ಬರೀ ಸದ್ದು ಎಲ್ಲಿ ಎಂದು ವಿಂಗಡಣೆಯಾಗುತ್ತದೆ, ಮಾತು ಅಕ್ಷರವಾಗುತ್ತದೆ, ಯಾರು ಯಾವುದನ್ನು ಆಡಿದರು ಎಂದು ಗುರುತು ಬೀಳುತ್ತದೆ, ಕೊನೆಗೆ ಆ ಟ್ರಾನ್ಸ್‌ಕ್ರಿಪ್ಟನ್ನು ಭಾಷಾ ಮಾದರಿ ಓದಿ ವರದಿಯ ಧಾಟಿಗೆ ತಿರುಗಿಸುತ್ತದೆ. ಮಾಹಿತಿ ಇಲ್ಲದ ಕಡೆ ಖಾಲಿ ಚೌಕ ಬಿಟ್ಟು ‘ಇಲ್ಲಿ ತುಂಬಿ’ ಅನ್ನುತ್ತದೆ. ಅಧಿಕಾರಿ ತುಂಬಿ, ತಿದ್ದಿ, ‘ಇದು ನನ್ನದೇ ವರದಿ’ ಎಂದು ಸಹಿ ಹಾಕಬೇಕು. ಅಧಿಕಾರಿಗಳು ನಿಜವಾಗಿ ಓದುತ್ತಾರೋ ಇಲ್ಲವೋ ಎಂದು ಪರೀಕ್ಷಿಸಲು ಕರಡಿನಲ್ಲಿ ಬೇಕೆಂದೇ ಅಸಂಬದ್ಧ ವಾಕ್ಯ ಸೇರಿಸುವ ಸೌಲಭ್ಯವನ್ನೂ ಕಂಪನಿ ಇಟ್ಟಿದೆ. ಓದದೆ ಸಹಿ ಹಾಕುವವರು ಇರುತ್ತಾರೆ ಎಂಬುದು ಮಾರುವವರಿಗೂ ಗೊತ್ತು ಅಂತಾಯಿತು.

ಸಮಯ ಉಳಿಯುತ್ತದೆ ಎಂಬುದು ಮುಖ್ಯ ಆಶ್ವಾಸನೆ. ನ್ಯೂ ಹ್ಯಾಂಪ್‌ಶೈರ್‌ನ ಮ್ಯಾಂಚೆಸ್ಟರ್ ಪೊಲೀಸರಲ್ಲಿ ನಡೆದ, 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವರದಿ ಬರೆಯುವ ಸಮಯ ಕಡಿಮೆಯಾಗಿದ್ದು ಕಾಣಲಿಲ್ಲ. ಅಲಾಸ್ಕಾದ ಆಂಕರೇಜ್ ಪೊಲೀಸರೂ ಪರೀಕ್ಷಿಸಿ ನೋಡಿ, ನಿರೀಕ್ಷಿಸಿದಷ್ಟು ಸಮಯ ಉಳಿಯಲಿಲ್ಲ ಎಂದು ಕೈಬಿಟ್ಟರು. ಕಾರಣ ಊಹಿಸುವುದು ಕಷ್ಟವಲ್ಲ. ಬರೆಯುವ ಸಮಯ ಕಡಿಮೆಯಾದಷ್ಟೂ ತಾಳೆ ನೋಡುವ ಸಮಯ ಹೆಚ್ಚುತ್ತದೆ. ನಲವತ್ತು ನಿಮಿಷದ ರೆಕಾರ್ಡಿಂಗನ್ನು ಕರಡಿನೊಂದಿಗೆ ಪ್ರಾಮಾಣಿಕವಾಗಿ ತಾಳೆ ನೋಡಲು ನಲವತ್ತು ನಿಮಿಷವಾದರೂ ಬೇಕೇಬೇಕು. ಅದನ್ನು ಬಿಟ್ಟವರಿಗೆ ಮಾತ್ರ ಸಮಯ ಉಳಿಯುತ್ತದೆ.

ಇನ್ನು ಮಲೆನಾಡಿಗೆ ಬರೋಣ.

ಮೊದಲ ತೊಡಕು ಸದ್ದು. ಆಗುಂಬೆಯ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಮಳೆ. ಆ ಮಳೆ ಜಿಂಕ್ ಶೀಟಿನ ಮೇಲೆ ಬೀಳುವಾಗ ಎದುರು ಕೂತವರ ಮಾತೇ ಕೇಳಿಸುವುದಿಲ್ಲ, ರೇನ್‌ಕೋಟಿನ ಒಳಗಿರುವ ಮೈಕಿಗೆ ಹೇಗೆ ಕೇಳಬೇಕು? ಕ್ಯಾಮೆರಾದ ಮೇಲೆ ಪ್ಲಾಸ್ಟಿಕ್ ಉಜ್ಜುವ ಸದ್ದು ಮಾತಿಗಿಂತ ದೊಡ್ಡದಾಗಿರುತ್ತದೆ. ಸದ್ದು ತೆಗೆಯುವ ತಂತ್ರಾಂಶ ಮಳೆಯ ಜೊತೆಗೆ ‘ಸ’, ‘ಶ’, ‘ಚ’ದಂಥ ವ್ಯಂಜನಗಳನ್ನೂ ಸವರಿ ಹಾಕುತ್ತದೆ. ಅದಕ್ಕಿಂತ ಅಪಾಯ ಮೌನದ್ದು. ಓಪನ್‌ಎಐನ ವಿಸ್ಪರ್ ಎಂಬ ಧ್ವನಿ ಗುರುತಿಸುವ ಮಾದರಿಯ ಮೇಲೆ 2024ರಲ್ಲಿ ಬಂದ ಅಧ್ಯಯನದ ಪ್ರಕಾರ, ಸುಮಾರು ಶೇಕಡಾ 1ರಷ್ಟು ತುಣುಕುಗಳಲ್ಲಿ ಯಾರೂ ಆಡದ ಪೂರ್ತಿ ವಾಕ್ಯಗಳೋ ಪದಗುಚ್ಛಗಳೋ ಹುಟ್ಟಿಕೊಂಡಿದ್ದವು. ಮಾತಿನ ನಡುವೆ ದೀರ್ಘ ಬಿಡುವು ಕೊಡುವವರ ಧ್ವನಿಯಲ್ಲಿ ಇದು ಹೆಚ್ಚು. ಗಾಬರಿಯಾದ ಮುದುಕರು, ಹೆದರಿದ ಮಕ್ಕಳು, ಪೆಟ್ಟು ತಿಂದವರು ಮಾತಾಡುವುದು ಹಾಗೆಯೇ ಅಲ್ಲವೇ.

ಮೈಕಿಗೆ ಬಿದ್ದದ್ದೆಲ್ಲ ಸ್ಥಳದಲ್ಲಿದ್ದವರ ಮಾತೇ ಎಂದೂ ಇಲ್ಲ. ಅಮೆರಿಕದ ಉಟಾ ರಾಜ್ಯದ ಹೀಬರ್ ಸಿಟಿಯಲ್ಲಿ ಇಂಥ ತಂತ್ರಾಂಶ ಪರೀಕ್ಷೆಯಲ್ಲಿದ್ದಾಗ, ಹಿನ್ನೆಲೆಯಲ್ಲಿ ಓಡುತ್ತಿದ್ದ ಕಪ್ಪೆ ಕಥೆಯ ಕಾರ್ಟೂನ್ ಸಿನಿಮಾದ ಸಂಭಾಷಣೆ ಸೇರಿಕೊಂಡು, ಅಧಿಕಾರಿ ಕಪ್ಪೆಯಾಗಿ ಬದಲಾದರು ಎಂದು ವರದಿ ತಯಾರಾಯಿತು. ಎಲ್ಲರೂ ನಕ್ಕರು, ತಪ್ಪು ಸಿಕ್ಕಿಬಿತ್ತು. ನಮ್ಮ ಕಡೆ ರಾತ್ರಿ ಎಂಟಕ್ಕೆ ಗಲಾಟೆಯ ಕರೆ ಬಂದು 112ರ ಜೀಪು ಹೋದಾಗ ಆ ಮನೆಯ ಟೀವಿಯಲ್ಲಿ ಧಾರಾವಾಹಿ ನಡೆಯುತ್ತಿರುತ್ತದೆ, ಯಾರೂ ಆರಿಸುವುದಿಲ್ಲ. ಧಾರಾವಾಹಿಯ ಅತ್ತೆಯೊಬ್ಬಳು ‘ನಿನ್ನನ್ನ ಉಳಿಸಲ್ಲ ಕಣೇ’ ಅಂದದ್ದು ಟ್ರಾನ್ಸ್‌ಕ್ರಿಪ್ಟಿಗೆ ಸೇರಿದರೆ ಯಾರೂ ನಗುವುದಿಲ್ಲ. ಅದು ಆ ಮನೆಯ ಅತ್ತೆಯ ಮಾತಾಗಿ, ಅಪರಾಧ-ಶಿಕ್ಷೆಗಳ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ, ಅಂದರೆ ಜೀವ ಬೆದರಿಕೆ, ಆಗಿ ಕೂರುತ್ತದೆ. ಕಪ್ಪೆಯಂಥ ತಪ್ಪು ಕಣ್ಣಿಗೆ ಬೀಳುತ್ತದೆ. ನಂಬಲು ಸುಲಭವಾದ ತಪ್ಪು ಸಹಿ ದಾಟಿ ಹೋಗುತ್ತದೆ.

ಭಾಷೆಯ ವಿಚಾರಕ್ಕೆ ಬಂದರೆ ಶಿವಮೊಗ್ಗ ಜಿಲ್ಲೆಯಲ್ಲಿ ಒಂದೇ ಕನ್ನಡ ಇಲ್ಲ. ಸಾಗರ-ಹೊಸನಗರದ ಹವ್ಯಕರ ಕನ್ನಡ ಒಂದು, ಸೊರಬದ ದೀವರ ಮಾತು ಇನ್ನೊಂದು. ಘಟ್ಟದ ಅಂಚಿನಲ್ಲಿ ತುಳು, ಕೊಂಕಣಿ, ಬ್ಯಾರಿ. ಶಿಕಾರಿಪುರದ ತಾಂಡಾಗಳಲ್ಲಿ ಲಂಬಾಣಿ. ಶಿವಮೊಗ್ಗ ಪೇಟೆಯಲ್ಲಿ ಉರ್ದು. ಕಾರ್ಖಾನೆಯ ಊರಾದ ಭದ್ರಾವತಿಯಲ್ಲಿ ತಮಿಳು, ತೆಲುಗು. ಒಂದೇ ಜಗಳದಲ್ಲಿ ಮೂರು ಭಾಷೆ ಬರುತ್ತವೆ. ಸರ್ಕಾರದ ಭಾಷಿಣಿ ಯೋಜನೆಯಿಂದ ಕನ್ನಡದ ಧ್ವನಿ ಗುರುತಿಸುವಿಕೆ ಸಾಕಷ್ಟು ಮುಂದುವರಿದಿದೆ, ನಿಜ. ಆದರೆ ವಾರ್ತೆ ಓದುವಂತೆ ಒಬ್ಬರೇ ನಿಧಾನವಾಗಿ ಮಾತಾಡಿದಾಗ ಸಿಗುವ ಫಲಿತಾಂಶವನ್ನು, ನಾಲ್ಕು ಜನ ಒಟ್ಟಿಗೆ ಕೂಗಾಡುವ ಅಂಗಳದಿಂದ ನಿರೀಕ್ಷಿಸುವಂತಿಲ್ಲ. ಅಮೆರಿಕದಲ್ಲೇ, ಇಂಗ್ಲಿಷಿನಲ್ಲೇ, 2020ರ ಒಂದು ಅಧ್ಯಯನದಲ್ಲಿ ಐದು ದೊಡ್ಡ ಕಂಪನಿಗಳ ವ್ಯವಸ್ಥೆಗಳು ಬಿಳಿಯರ ಮಾತಿನಲ್ಲಿ ನೂರಕ್ಕೆ 19 ಪದ ತಪ್ಪಿದರೆ ಕಪ್ಪುಜನರ ಮಾತಿನಲ್ಲಿ 35 ತಪ್ಪಿದ್ದವು.

ಇದನ್ನು ಹತ್ತಿರದಿಂದ ನೋಡಲು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಒಂಟಿಮನೆ. ಅಡಿಕೆ ಕಳವು. ಕ್ವಿಂಟಾಲ್ ರಾಶಿ ಅಡಿಕೆಗೆ ಅರ್ಧ ಲಕ್ಷ ದಾಟಿದ ಮೇಲೆ ಚೀಲ ಹೊರುವವರು ಹೆಚ್ಚಾದರು. ಎಎಸ್‌ಐ ಹೋಗಿದ್ದಾರೆ, ಕ್ಯಾಮೆರಾ ಆನ್ ಇದೆ. ‘ಯಾರ ಮೇಲಾದ್ರೂ ಅನುಮಾನ ಇದ್ಯಾ ಅಮ್ಮ?’ ಎಂದು ಕೇಳಿದ್ದಕ್ಕೆ ಮನೆಯ ಅಜ್ಜಿ, ಹಿಂದೆ ಕೊನೆಕೊಯ್ಲಿಗೆ ಬರುತ್ತಿದ್ದ ಒಬ್ಬನ ಹೆಸರು ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಮುಂದುವರಿಸುತ್ತಾರೆ:

‘ನಾನು ಒಳ್ಗಿದ್ದೆ ಮಾರಾಯ್ರೆ. ನಾಯಿ ಕೂಗ್ತು. ಪಕ್ಕದ್ಮನೆ ಹುಡ್ಗ ಓಡ್ಬಂದ. ಅವ್ನೇ ಹೊತ್ಕಂಡು ಹೋದ್ನಂತೆ, ಮೂರು ಚೀಲ. ಬಿಳೀ ಓಮ್ನಿ ಅಂತೆ.’

ಯಂತ್ರದ ಕರಡು ಹೀಗೆ ಬರಬಹುದು: ‘ದಿನಾಂಕದಂದು ಸಾಯಂಕಾಲ 5:30ರ ಸಮಯದಲ್ಲಿ ಪಿರ್ಯಾದುದಾರರು ಮನೆಯಲ್ಲಿದ್ದಾಗ ಪಕ್ಕದ ಮನೆಯ ಯುವಕನು ಓಡಿ ಬಂದು ನೂರು ಚೀಲ ಅಡಿಕೆಯನ್ನು ಹೊತ್ತುಕೊಂಡು ಬಿಳಿ ಬಣ್ಣದ ಓಮ್ನಿ ವಾಹನದಲ್ಲಿ ಹೋಗಿರುತ್ತಾನೆ.’

ಓದಲು ಎಷ್ಟು ಚೆಂದ! ಸಹಾಯಕ್ಕೆ ಓಡಿಬಂದ ಹುಡುಗ ಕಳ್ಳನಾದ. ‘ಅವ್ನೇ’ ಅಂದದ್ದು ಯಾರನ್ನು ಎಂಬುದು ಅಜ್ಜಿ ಕೈ ತೋರಿಸಿದ ದಿಕ್ಕಿನಲ್ಲಿತ್ತು, ಧ್ವನಿಯಲ್ಲಿರಲಿಲ್ಲ. ಮೂರು ಹೋಗಿ ನೂರು ಆಯಿತು. ಮಳೆಯಲ್ಲಿ ಮೊದಲಕ್ಷರ ಅಳಿಸಿದರೆ ಮೂರಕ್ಕೂ ನೂರಕ್ಕೂ ಆರಕ್ಕೂ ಯಂತ್ರಕ್ಕೆ ಭೇದವಿಲ್ಲ. ಎಲ್ಲಕ್ಕಿಂತ ದೊಡ್ಡ ನಷ್ಟ ‘ಹೋದ್ನಂತೆ’ ಎಂಬುದರ ಕೊನೆಯಲ್ಲಿದ್ದ ‘ಅಂತೆ’. ಅಜ್ಜಿ ಕಂಡಿಲ್ಲ, ಕೇಳಿದ್ದು. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 55ನೇ ಕಲಂ ಪ್ರಕಾರ ಮೌಖಿಕ ಸಾಕ್ಷ್ಯ ನೇರವಾಗಿರಬೇಕು. ಕಂಡದ್ದನ್ನು ಕಂಡವರೇ ಹೇಳಬೇಕು. ಹಾಗಾಗಿ ಇಲ್ಲಿ ಹೇಳಿಕೆ ತೆಗೆದುಕೊಳ್ಳಬೇಕಾದ್ದು ಆ ಹುಡುಗನದು. ಒಳ್ಳೆಯ ರೈಟರ್ ಆ ಒಂದು ‘ಅಂತೆ’ ಕೇಳಿದ ಕೂಡಲೇ ‘ನೋಡಿದ್ಯಾರು, ಅವ್ರನ್ನ ಕರೀರಿ’ ಅನ್ನುತ್ತಾರೆ. ಸಾರಾಂಶ ಮಾಡುವ ಮಾದರಿಗೆ ಅದು ಕತ್ತರಿಸಿ ಎಸೆಯುವ ಬಾಲ. ಕನ್ನಡದಲ್ಲಿ ಅನುಮಾನ, ಕೇಳಿಕೆ, ನಿಷೇಧ ಎಲ್ಲವೂ ಕ್ರಿಯಾಪದದ ಕೊನೆಗೆ ಬಂದು ಕೂರುತ್ತವೆ, ಮಾತಾಡುವಾಗ ನುಂಗಿಹೋಗುವುದೂ ಅದೇ ಜಾಗ. ‘ಹೊಡೆದನಲ್ಲ’ ಮತ್ತು ‘ಹೊಡೆದಿಲ್ಲ’ ನಡುವಿನ ಅಂತರ ಅವಸರದ ಮಾತಿನಲ್ಲಿ ಎಷ್ಟು ಉಳಿಯುತ್ತದೆ, ಹೇಳಿ ನೋಡಿ. ಕನ್ನಡದಿಂದ ಇಂಗ್ಲಿಷಿಗೆ ಹೋಗಿ, ಅಲ್ಲಿ ಸಾರಾಂಶವಾಗಿ, ಮತ್ತೆ ಕನ್ನಡಕ್ಕೆ ಬರುವ ವ್ಯವಸ್ಥೆಯಾದರೆ ಈ ನಷ್ಟ ಎರಡು ಸಲ.

ಆ 5:30 ಎಲ್ಲಿಂದ ಬಂತು? ಅನೇಕ ಕ್ಯಾಮೆರಾ ಮತ್ತು ಸರ್ವರ್‌ಗಳು ಸಮಯವನ್ನು ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ, ಬರೆದಿಡುತ್ತವೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ರಾತ್ರಿ 11ರ ಘಟನೆ ಫೈಲಿನಲ್ಲಿ ಸಂಜೆ 5:30 ಆಗಿರುತ್ತದೆ. ಇದು ಬರೀ ಗುಮಾಸ್ತಿಕೆಯ ತಪ್ಪಲ್ಲ. ಜೂನ್ ತಿಂಗಳಲ್ಲಿ 5:30ಕ್ಕೆ ಇನ್ನೂ ಬೆಳಕಿರುತ್ತದೆ. ಮನೆಗೆ ಕನ್ನ ಹಾಕಿ ಕಳವು ಮಾಡಿದ್ದು ಹಗಲಿನಲ್ಲಾದರೆ ನ್ಯಾಯ ಸಂಹಿತೆಯ 331(3), ಗರಿಷ್ಠ 10 ವರ್ಷ; ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮುಂಚೆ ಆದರೆ 331(4), ಗರಿಷ್ಠ 14 ವರ್ಷ. ರಾತ್ರಿ ಒಂದೂವರೆಯದಾಗಿದ್ದರೆ ತಾರೀಖೇ ಹಿಂದಿನ ದಿನದ್ದಾಗುತ್ತಿತ್ತು. ಪಾಟೀಸವಾಲಿನಲ್ಲಿ ವಕೀಲರಿಗೆ ಇಷ್ಟು ಸಾಕು.

ಇನ್ನೊಂದು ಕಾಣದ ಗುಂಡಿ: ಆಕ್ಸಾನ್ ಕ್ಯಾಮೆರಾಗಳಲ್ಲಿ ರೆಕಾರ್ಡ್ ಬಟನ್ ಒತ್ತುವುದಕ್ಕೆ ಮುಂಚಿನ 30 ಸೆಕೆಂಡ್ ಕೂಡ ಉಳಿಯುತ್ತದೆ, ಆದರೆ ಸಾಮಾನ್ಯ ಹೊಂದಾಣಿಕೆಯಲ್ಲಿ ಆ ಭಾಗಕ್ಕೆ ಧ್ವನಿ ಇರುವುದಿಲ್ಲ. ಮೊದಲ ಏಟು ಬಿದ್ದದ್ದು ಆ 30 ಸೆಕೆಂಡಿನಲ್ಲಾಗಿದ್ದರೆ ವಿಡಿಯೊದಲ್ಲಿ ಕಾಣುತ್ತದೆ, ಧ್ವನಿ ಆಧಾರಿತ ಕರಡಿನಲ್ಲಿ ಅದರ ಸುಳಿವೇ ಇರುವುದಿಲ್ಲ. ಇದಕ್ಕೆ ಪರಿಹಾರವಾಗಿ ‘ಕಂಡದ್ದನ್ನು ಬಾಯಲ್ಲಿ ಹೇಳುತ್ತ ಹೋಗಿ’ ಎಂದು ಅಧಿಕಾರಿಗಳಿಗೆ ಹೇಳಿಕೊಡುತ್ತಾರೆ. ‘ಬಲಗೈ ಮೊಣಕೈ ಕೆಳಗೆ ಊದಿದೆ, ಹಿತ್ತಿಲ ಬಾಗಿಲ ಚಿಲಕ ಕಿತ್ತಿದೆ’ ಅಂದರೆ ಸರಿಯೇ. ಆದರೆ ಬಾಯಲ್ಲಿ ಹೇಳಿದ್ದೇ ಸತ್ಯವಾಗುವ ವ್ಯವಸ್ಥೆಯಲ್ಲಿ ‘ಏಯ್, ತಳ್ಳಬೇಡ, ಹೊಡೀಬೇಡ’ ಎಂದು ಕೂಗುತ್ತಲೇ ಲಾಠಿ ಬೀಸಿದರೆ ಕರಡಿನಲ್ಲಿ ಉಳಿಯುವುದು ಕೂಗು ಮಾತ್ರ. ಇದನ್ನು ಕಲಿಯಲು ಯಾರಿಗೂ ತರಬೇತಿ ಬೇಕಿಲ್ಲ.

ಅಮೆರಿಕದ ಚರ್ಚೆಯನ್ನು ಹಾಗೇ ಎತ್ತಿ ಇಲ್ಲಿ ಇಡಲಾಗದು. ಅಲ್ಲಿಯ ಪೊಲೀಸ್ ರಿಪೋರ್ಟ್ ಎಂದರೆ ಅಧಿಕಾರಿ ತಾನು ಕಂಡದ್ದನ್ನು ತಾನೇ ಬರೆದ ಕಥನ. ನಮ್ಮಲ್ಲಿ ಅದು ಐದಾರು ಬೇರೆ ಬೇರೆ ಕಾಗದ, ಒಂದೊಂದಕ್ಕೂ ಬೇರೆ ನಿಯಮ.

ಎಫ್‌ಐಆರ್ ಪೊಲೀಸರ ಮಾತಲ್ಲ, ಮಾಹಿತಿ ಕೊಟ್ಟವರ ಮಾತು. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಬಾಯಲ್ಲಿ ಹೇಳಿದ್ದನ್ನು ಬರೆದುಕೊಂಡು, ಅವರಿಗೆ ಓದಿ ಹೇಳಿ, ಸಹಿ ಪಡೆಯಬೇಕು. ಈ ‘ಓದಿ ಹೇಳುವುದು’ ಯಂತ್ರದ ಯುಗಕ್ಕೆಂದೇ ಇಟ್ಟ ರಕ್ಷಣೆಯಂತಿದೆ. ಮೇಲಿನ ಕರಡನ್ನು ಅಜ್ಜಿಗೆ ನಿಧಾನವಾಗಿ, ಅವರ ಮಾತಿನಲ್ಲೇ ಓದಿ ಹೇಳಿದರೆ ‘ಅಯ್ಯೋ, ಆ ಹುಡ್ಗ ಅಲ್ಲ ಮಾರಾಯ್ರೆ!’ ಎಂದು ಅಲ್ಲೇ ತಿದ್ದುತ್ತಾರೆ. ಹೆಬ್ಬೆಟ್ಟು ಒತ್ತಿಸಿ ಕಳಿಸಿದರೆ ಆ ತಿದ್ದುಪಡಿ ಬರುವುದು ನಾಲ್ಕು ವರ್ಷದ ನಂತರ, ಕಟಕಟೆಯಲ್ಲಿ.

180ನೇ ಕಲಂ ಕೆಳಗಿನ ಸಾಕ್ಷಿ ಹೇಳಿಕೆ ಪ್ರತಿಯೊಬ್ಬರದ್ದೂ ಪ್ರತ್ಯೇಕವಾಗಿ, ನಿಜರೂಪದಲ್ಲಿ ಇರಬೇಕು. ಇದಕ್ಕೆ ಸಾಕ್ಷಿಯ ಸಹಿ ಇರುವುದಿಲ್ಲ, 181ನೇ ಕಲಂ ಅದನ್ನು ಬೇಡ ಅನ್ನುತ್ತದೆ. ಇದರ ಮುಖ್ಯ ಉಪಯೋಗ ಸಾಕ್ಷಿ ಕೋರ್ಟಿನಲ್ಲಿ ಬೇರೆ ಹೇಳಿದಾಗ ‘ಅವತ್ತು ಹೀಗೆ ಹೇಳಿದ್ದಿರಲ್ಲ’ ಎಂದು ತೋರಿಸಿ ವಿರೋಧಾಭಾಸ ಸಾಬೀತು ಮಾಡುವುದು. ಹಾಗಾಗಿ ಇಲ್ಲಿ ಸಾರಾಂಶ ನಡೆಯುವುದೇ ಇಲ್ಲ. ಯಂತ್ರ ಬರೆದ ವಾಕ್ಯವನ್ನು ಸಾಕ್ಷಿಯ ಬಾಯಿಗೆ ಇಟ್ಟು, ಆಮೇಲೆ ‘ನೀವು ಮಾತು ಬದಲಿಸಿದ್ದೀರಿ’ ಅನ್ನುವುದು ಅನ್ಯಾಯ. ಐದು ಸಾಕ್ಷಿಗಳ ಹೇಳಿಕೆಯನ್ನು ಒಂದೇ ಮಾದರಿ ಬರೆದರೆ ಐದೂ ಅಚ್ಚು ಹಾಕಿದಂತೆ ಒಂದೇ ಧಾಟಿಯಲ್ಲಿರುತ್ತವೆ, ಗಿಳಿಪಾಠದ ಹೇಳಿಕೆ ಎಂಬ ಆಕ್ಷೇಪ ಬರುವುದು ಅಲ್ಲಿಂದಲೇ.

ಹಾಗೆ ನೋಡಿದರೆ ನಮ್ಮ ಠಾಣೆಗಳ ಬರವಣಿಗೆ ಯಂತ್ರ ಬರುವುದಕ್ಕೆ ಮುಂಚೆಯೇ ಅರ್ಧ ಯಂತ್ರವಾಗಿದೆ. ‘ಅವಾಚ್ಯ ಶಬ್ದಗಳಿಂದ ಬೈದು, ಕೈಯಿಂದ ಹೊಡೆದು, ನಿನ್ನನ್ನು ಜೀವ ಸಹಿತ ಬಿಡುವುದಿಲ್ಲವೆಂದು ಜೀವ ಬೆದರಿಕೆ ಹಾಕಿರುತ್ತಾರೆ’ ಎಂಬ ಸಾಲು ರಾಜ್ಯದ ಯಾವ ಹೊಡೆದಾಟದ ಎಫ್‌ಐಆರ್‌ನಲ್ಲಿ ಇಲ್ಲ? ಹಳೆಯ ಫೈಲು ತೆರೆದು, ಹೆಸರು ಬದಲಿಸಿ, ಸೇವ್ ಮಾಡುವ ಅಭ್ಯಾಸ. ಭಾಷಾ ಮಾದರಿಯನ್ನು ಇಂಥ ಸಾವಿರಾರು ಎಫ್‌ಐಆರ್ ತೋರಿಸಿ ಪಳಗಿಸಿದರೆ ಅದು ಕಲಿಯುವುದು ಇದನ್ನೇ. ಒಂದು ಅಂಗಳದಲ್ಲಿ ಇಬ್ಬರು ಕೂಗಾಡಿದರು ಎಂದು ಟ್ರಾನ್ಸ್‌ಕ್ರಿಪ್ಟ್ ಹೇಳಿದರೆ ಸಾಕು, ಬೆದರಿಕೆಯ ಸಾಲು ತಾನಾಗಿ ಬಂದು ಸೇರುತ್ತದೆ. ರೈಟರ್ ಸೇರಿಸಿದರೆ ಅವರನ್ನು ಕಟಕಟೆಗೆ ಕರೆದು ‘ಈ ಮಾತು ಯಾರು ಹೇಳಿದರು?’ ಎಂದು ಕೇಳಬಹುದು. ಯಂತ್ರವನ್ನು ಯಾರು ಕೇಳಬೇಕು?

ಆರೋಪಿಯ ಮಾತಿನಲ್ಲಿ ಅಪಾಯ ಇನ್ನೂ ಹೆಚ್ಚು. ಜೀಪಿನಲ್ಲಿ ಕೂತವನು ‘ನಾನೇ ತೆಗ್ದಿದ್ದು ಸಾರ್, ಚೀಲ ಹಳೇ ಕೊಟ್ಟಿಗೆ ಹಿಂದೆ ಇಟ್ಟಿದೀನಿ’ ಅಂದ, ಕ್ಯಾಮೆರಾ ಕೇಳಿಸಿಕೊಂಡಿತು. ಸಾಕ್ಷ್ಯ ಅಧಿನಿಯಮದ 23ನೇ ಕಲಂ ಪ್ರಕಾರ ಪೊಲೀಸರ ಮುಂದಿನ ತಪ್ಪೊಪ್ಪಿಗೆ ಅವನ ವಿರುದ್ಧ ನಡೆಯುವುದಿಲ್ಲ. ಆ ಮಾತಿನಿಂದ ನಿಜವಾಗಿ ಪತ್ತೆಯಾದ ಸಂಗತಿಗೆ ಸಂಬಂಧಿಸಿದ ಭಾಗ ಮಾತ್ರ ನಡೆಯುತ್ತದೆ. 1947ರ ಪುಲುಕುರಿ ಕೋಟಯ್ಯ ಪ್ರಕರಣದಿಂದ ಈ ಗೆರೆ ಗಟ್ಟಿಯಾಗಿದೆ. ‘ಕೊಟ್ಟಿಗೆ ಹಿಂದೆ ಇಟ್ಟಿದೀನಿ’ ಉಳಿಯಬಹುದು, ‘ನಾನೇ ತೆಗ್ದಿದ್ದು’ ಉಳಿಯದು. ಸಾರಾಂಶ ಮಾಡುವ ಮಾದರಿ ಎರಡನ್ನೂ ಒಂದೇ ವಾಕ್ಯಕ್ಕೆ ಹೆಣೆದು ‘ಆರೋಪಿಯು ತಪ್ಪೊಪ್ಪಿಕೊಂಡು ಮಾಲನ್ನು ತೋರಿಸಿರುತ್ತಾನೆ’ ಎಂದು ಬರೆಯುತ್ತದೆ. ಅವನ ಬಾಯಿಂದ ಬಂದ ನಿಖರ ಪದಗಳು ಹೋದರೆ ಪತ್ತೆಯ ಭಾಗವೂ ಕೈತಪ್ಪುತ್ತದೆ.

ಸ್ಥಳ ಮಹಜರಿಗಂತೂ ಧ್ವನಿಯಿಂದ ಹುಟ್ಟಿದ ಕರಡು ಕೆಲಸಕ್ಕೇ ಬಾರದು. ಪೂರ್ವಕ್ಕೆ ತೋಟ, ಪಶ್ಚಿಮಕ್ಕೆ ಹಳ್ಳ, ರಸ್ತೆಯಿಂದ ಇಷ್ಟು ಅಡಿ ಎಂಬ ಚೆಕ್ಕುಬಂದಿಯನ್ನು ಯಾರೂ ಮಾತಾಡಿಕೊಳ್ಳುತ್ತ ಅಳೆಯುವುದಿಲ್ಲ.

ಹಾಗಾದರೆ ಎಲ್ಲಿ ಉಪಯೋಗ? ಇದೆ. ಕೇಸ್ ಡೈರಿಯ ಸಮಯದ ಪಟ್ಟಿ ಮಾಡುವುದು: ಎಷ್ಟು ಗಂಟೆಗೆ ಕರೆ, ಎಷ್ಟಕ್ಕೆ ಸ್ಥಳಕ್ಕೆ, ಯಾರ ಯಾರ ಹೆಸರು ಬಂತು. ನಾಗರಿಕ ಸುರಕ್ಷಾ ಸಂಹಿತೆಯ 192ನೇ ಕಲಂ ದಿನದಿನದ ಸಮಯ, ಸ್ಥಳ ಬರೆಯಲು ಹೇಳುತ್ತದೆ, ಅಲ್ಲಿ ಯಂತ್ರದ ಪಟ್ಟಿ ನೆನಪಿಗೆ ನೆರವಾಗುತ್ತದೆ. ಎರಡು ಗಂಟೆಯ ರೆಕಾರ್ಡಿಂಗ್‌ನಲ್ಲಿ ‘ಓಮ್ನಿ’ ಎಲ್ಲೆಲ್ಲಿ ಬಂತು ಎಂದು ಹುಡುಕಿಕೊಡಲಿ. ಬರೆದು ಮುಗಿದ ವರದಿಯನ್ನು ಟ್ರಾನ್ಸ್‌ಕ್ರಿಪ್ಟ್ ಜೊತೆ ಇಟ್ಟು ‘ನೀವು ಆರು ಅಂದಿದ್ದೀರಿ, 14ನೇ ನಿಮಿಷದಲ್ಲಿ ಮೂರು ಎಂದಿದೆ’ ಎಂದು ಎಚ್ಚರಿಸಲಿ. ಮನುಷ್ಯ ಬರೆದು ಯಂತ್ರ ತಾಳೆ ನೋಡುವುದಕ್ಕೂ, ಯಂತ್ರ ಬರೆದು ಮನುಷ್ಯ ತಾಳೆ ನೋಡುವುದಕ್ಕೂ ಭೂಮಿ-ಆಕಾಶದ ವ್ಯತ್ಯಾಸ. ಮೊದಲನೆಯದರಲ್ಲಿ ಅಧಿಕಾರಿಯ ನೆನಪು ಅಧಿಕಾರಿಯದ್ದೇ. ಎರಡನೆಯದರಲ್ಲಿ ನಯವಾದ ಕರಡನ್ನು ಓದಿದ ಹತ್ತು ನಿಮಿಷಕ್ಕೆ ತಾನು ಕಂಡದ್ದು ಯಾವುದು, ಓದಿದ್ದು ಯಾವುದು ಎಂದು ಅವರಿಗೇ ತಿಳಿಯದಂತಾಗುತ್ತದೆ. ನ್ಯಾಯಾಲಯದಲ್ಲಿ ನೆನಪು ಮಾಡಿಕೊಳ್ಳಲು ಬರಹ ನೋಡುವ ಅವಕಾಶವನ್ನು ಸಾಕ್ಷ್ಯ ಅಧಿನಿಯಮದ 162ನೇ ಕಲಂ ಕೊಡುವುದು, ಆ ಬರಹವನ್ನು ಘಟನೆಯ ಹೊತ್ತಿನಲ್ಲೋ ಕೂಡಲೇ ನಂತರವೋ ತಾನೇ ಬರೆದಿದ್ದರೆ, ಅಥವಾ ಬೇರೆಯವರು ಬರೆದದ್ದನ್ನು ನೆನಪು ಹಸಿಯಾಗಿದ್ದಾಗಲೇ ಓದಿ ಸರಿ ಎಂದು ಖಚಿತ ಮಾಡಿಕೊಂಡಿದ್ದರೆ ಮಾತ್ರ. ವಾರದ ನಂತರ ತೆರೆದ ಕರಡು ಇದಾವುದಕ್ಕೂ ಸೇರದು.

ಒಂದು ಠಾಣೆ ಇದನ್ನು ಬಳಸಲೇಬೇಕು ಎಂದಾದರೆ ಕೆಲಸದ ಕ್ರಮ ಹೀಗಿರಬೇಕು. ಸ್ಥಳದಿಂದ ಹೊರಟ ಕೂಡಲೇ, ವಿಡಿಯೊ ನೋಡುವ ಮುಂಚೆ, ಅಧಿಕಾರಿ ತಾನು ಕಂಡದ್ದು, ಮಾಡಿದ್ದನ್ನು ನಾಲ್ಕೈದು ನಿಮಿಷ ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಬೇಕು. ಕಂಡದ್ದು ಬೇರೆ, ಕೇಳಿದ್ದು ಬೇರೆ ಎಂದು ವಿಂಗಡಿಸಿ. ಠಾಣೆಗೆ ಬಂದ ಮೇಲೆ ಕ್ಯಾಮೆರಾದಿಂದ ಮೂಲ ಫೈಲನ್ನು ಕತ್ತರಿಸದೆ ಇಳಿಸಿಕೊಂಡು ಆಗಲೇ ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂಥ ಗುರುತು, ತೆಗೆಯಬೇಕು. ಎಸ್‌ಎಚ್‌ಎ-256 ಎಂಬ ವಿಧಾನವಾದರೆ 64 ಅಕ್ಷರಗಳ ಸಾಲು. ಎಲೆಕ್ಟ್ರಾನಿಕ್ ದಾಖಲೆಗೆ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರದಲ್ಲಿ ಈ ಹ್ಯಾಶ್ ತುಂಬಬೇಕು. ಎ ಭಾಗ ಹಾಜರುಪಡಿಸುವವರದ್ದು, ಬಿ ಭಾಗ ತಜ್ಞರದ್ದು. ಒಂದು ಸೆಕೆಂಡ್ ಕತ್ತರಿಸಿದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ಕ್ಯಾಮೆರಾದ ಗಡಿಯಾರವನ್ನು ವಾರಕ್ಕೊಮ್ಮೆ ಸರಿಪಡಿಸಿ, ಭಾರತೀಯ ಕಾಲಮಾನಕ್ಕೆ ಎಷ್ಟು ಹೆಚ್ಚುಕಮ್ಮಿ ಎಂದು ಠಾಣೆ ಡೈರಿಯಲ್ಲಿ ಬರೆದಿಡಬೇಕು.

ಆಮೇಲೆ ಅಪ್‌ಲೋಡ್, ಮಲೆನಾಡಿನ ಹಳೆಯ ಗೋಳು. 5 ಎಂಬಿಪಿಎಸ್ ವೇಗದಲ್ಲಿ ಚಿತ್ರೀಕರಿಸಿದ 40 ನಿಮಿಷದ ವಿಡಿಯೊ ಒಂದೂವರೆ ಜಿಬಿ. ಅಪ್‌ಲೋಡ್ ವೇಗ 2 ಎಂಬಿಪಿಎಸ್ ಇದ್ದರೆ ನೂರು ನಿಮಿಷ ಬೇಕು, ಅದೂ ಕರೆಂಟು ಹೋಗದಿದ್ದರೆ. ಅದೇ 40 ನಿಮಿಷದ ಧ್ವನಿ ಮಾತ್ರವಾದರೆ, 16 ಕಿಲೊಹರ್ಟ್ಸ್ ಮಾನೊ ಲೆಕ್ಕದಲ್ಲಿ, 77 ಎಂಬಿ. ಐದು ನಿಮಿಷದ ಕೆಲಸ. ಹಾಗಾಗಿ ‘ಧ್ವನಿ ಕಳಿಸಿ ಕರಡು ತರಿಸಿಕೊಳ್ಳೋಣ, ವಿಡಿಯೊ ನಿಧಾನಕ್ಕೆ ಹೋಗಲಿ’ ಎಂಬ ಆಸೆ ಬಂದೇ ಬರುತ್ತದೆ. ಹಾಗೆ ಮಾಡಿದರೆ ಕರಡು ಓದುವ ಹೊತ್ತಿಗೆ ತಾಳೆ ನೋಡಲು ಮೇಲಿನವರ ಬಳಿ ವಿಡಿಯೊ ಇರುವುದಿಲ್ಲ. ಮೂಲ ಫೈಲು ಠಾಣೆಯಲ್ಲಿ ಇರುವವರೆಗೆ, ಅದನ್ನು ನೋಡಿದ ಮೇಲಷ್ಟೇ ಸಹಿ. ಪೋಕ್ಸೊ ಮತ್ತು ಲೈಂಗಿಕ ಅಪರಾಧದ ರೆಕಾರ್ಡಿಂಗ್ ಯಾವ ಕಾರಣಕ್ಕೂ ಹೊರಗಿನ ಸರ್ವರ್‌ಗೆ ಹೋಗಕೂಡದು. ಸಂತ್ರಸ್ತೆಯ ಗುರುತು ಹೊರಬೀಳುವುದೇ ಬೇರೆ ಅಪರಾಧ.

ಕೊನೆಯದಾಗಿ ಕರಡನ್ನು ಉಳಿಸುವ ಪ್ರಶ್ನೆ. ಡ್ರಾಫ್ಟ್ ಒನ್‌ನ ಮೂಲ ವಿನ್ಯಾಸದಲ್ಲಿ ಯಂತ್ರ ಬರೆದ ಮೊದಲ ಕರಡು ಉಳಿಯುತ್ತಲೇ ಇರಲಿಲ್ಲ. ಅಧಿಕಾರಿ ತನ್ನ ವರದಿಗೆ ನಕಲು ಮಾಡಿಕೊಂಡ ಮೇಲೆ ಅದು ಮಾಯ. ಇದು ಮರೆವಿನಿಂದ ಆದದ್ದಲ್ಲ, ಬೇಕೆಂದೇ ಮಾಡಿದ್ದು ಎಂಬುದನ್ನು ಡಿಜಿಟಲ್ ಹಕ್ಕುಗಳ ಸಂಸ್ಥೆಯಾದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 2025ರಲ್ಲಿ ಬಯಲಿಗೆಳೆಯಿತು. ಅದಕ್ಕೆ ಮುಂಚೆ, 2024ರ ಸೆಪ್ಟೆಂಬರ್‌ನಲ್ಲೇ, ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿಯ ಪ್ರಾಸಿಕ್ಯೂಟರ್ ಕಚೇರಿ ಯಂತ್ರ ಬರೆದ ವರದಿಗಳನ್ನು ಸ್ವೀಕರಿಸುವುದಿಲ್ಲ ಎಂದು ಪೊಲೀಸರಿಗೆ ತಿಳಿಸಿತ್ತು. 2025ರಲ್ಲಿ ಉಟಾ ರಾಜ್ಯ ಯಂತ್ರ ಬಳಸಿದ್ದನ್ನು ವರದಿಯಲ್ಲೇ ಹೇಳಬೇಕೆಂದು ಕಾನೂನು ಮಾಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸಹಿಯಾದ ಕ್ಯಾಲಿಫೋರ್ನಿಯಾದ ಕಾನೂನು ಇನ್ನೂ ಮುಂದೆ ಹೋಗಿ, ಅಂತಿಮ ವರದಿ ಇರುವಷ್ಟು ಕಾಲ ಮೊದಲ ಕರಡನ್ನೂ ಇಡಬೇಕು ಎಂದಿತು.

ನಮ್ಮಲ್ಲಿ ಆರೋಪಿಗೆ ಕೊಡಬೇಕಾದ ಪ್ರತಿಗಳ ಪಟ್ಟಿ ನಾಗರಿಕ ಸುರಕ್ಷಾ ಸಂಹಿತೆಯ 230ನೇ ಕಲಂನಲ್ಲಿದೆ, ಹಾಜರಾದ 14 ದಿನದೊಳಗೆ ಕೊಡಬೇಕು. ಪೊಲೀಸ್ ವರದಿ, ಎಫ್‌ಐಆರ್, ಸಾಕ್ಷಿ ಹೇಳಿಕೆಗಳು ಅದರಲ್ಲಿವೆ. ಯಂತ್ರದ ಕರಡು, ಟ್ರಾನ್ಸ್‌ಕ್ರಿಪ್ಟ್, ಮಾದರಿಗೆ ಕೊಟ್ಟ ಸೂಚನೆ, ತಿದ್ದುಪಡಿಯ ಇತಿಹಾಸ ಹೆಸರಿಟ್ಟು ಅಲ್ಲಿಲ್ಲ. ಹಾಗಾಗಿ ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಕೋರ್ಟುಗಳಲ್ಲಿ ಆರೋಪಿ ಪರ ನಿಲ್ಲುವ ವಕೀಲರು 94ನೇ ಕಲಂ ಕೆಳಗೆ ಇವನ್ನು ಹಾಜರುಪಡಿಸಲು ಬೇರೆಯಾಗಿಯೇ ಅರ್ಜಿ ಹಾಕಬೇಕಾಗುತ್ತದೆ. ಅರ್ಜಿಯಲ್ಲಿ ನಾಲ್ಕನ್ನೂ ಬಿಡಿಬಿಡಿಯಾಗಿ ಬರೆಯಬೇಕು, ‘ಸಂಬಂಧಿಸಿದ ಎಲ್ಲ ದಾಖಲೆ’ ಅಂದರೆ ಟ್ರಾನ್ಸ್‌ಕ್ರಿಪ್ಟ್ ಒಂದು ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಮತ್ತೆ ಇದನ್ನು ಚಾರ್ಜ್‌ಶೀಟ್ ಬರುವವರೆಗೆ ಕಾಯದೆ, ರಿಮ್ಯಾಂಡ್ ಹಂತದಲ್ಲೇ ಹಾಕುವುದು ಮೇಲು. ಕರಡು ಎಷ್ಟು ದಿನಕ್ಕೆ ತಾನಾಗಿ ಅಳಿಯಬೇಕು ಎಂಬುದು ತಂತ್ರಾಂಶದ ಒಂದು ಸೆಟ್ಟಿಂಗ್ ಅಷ್ಟೇ, ಅದನ್ನು ಯಾರು ಎಷ್ಟಕ್ಕೆ ಇಟ್ಟಿದ್ದಾರೆ ಎಂದು ತನಿಖಾಧಿಕಾರಿಗೂ ಗೊತ್ತಿರುವುದಿಲ್ಲ.